ಕಾಂತಗೋಳ ಎಂಬ ಯಂತ್ರ: ಗ್ರಹಗಳ ಸುತ್ತ ಪ್ಲಾಸ್ಮಾ ನಡೆಯುವ ಬಗೆ

ಸೂರ್ಯನಿಂದ ಸದಾ ಬೀಸುವ ಕಣಗಳ ಹರಿವೇ ಸೌರಮಾರುತ. ಭೂಮಿಯ ಬಳಿ ಅದರ ಒಂದು ಘನ ಸೆಂಟಿಮೀಟರ್ ಅಳೆದು ನೋಡಿದರೆ ಅದರಲ್ಲಿ ಸಿಗುವುದು ಐದಾರು ಪ್ರೋಟಾನು, ಹೆಚ್ಚುಕಡಿಮೆ ಅಷ್ಟೇ ಎಲೆಕ್ಟ್ರಾನು. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿರುವ ಅಣುಗಳನ್ನು ಎಣಿಸಹೊರಟರೆ 25ರ ಮುಂದೆ 18 ಸೊನ್ನೆ ಬರೆಯಬೇಕು. ಪ್ರಯೋಗಾಲಯದಲ್ಲಿ ಕಷ್ಟಪಟ್ಟು ಸಾಧಿಸುವ ಉತ್ತಮ ನಿರ್ವಾತದಲ್ಲೂ ಸೌರಮಾರುತಕ್ಕಿಂತ ಹೆಚ್ಚು ಕಣಗಳಿರುತ್ತವೆ. ಇಷ್ಟು ವಿರಳವಾದ ಈ ವಸ್ತು ಭೂಮಿಯ ಕಾಂತಕ್ಷೇತ್ರವನ್ನು ಹಗಲಿನ ಕಡೆಯಿಂದ ಅದುಮುತ್ತದೆ. ಇರುಳಿನ ಕಡೆ ಅದನ್ನು ಚಂದ್ರನ ಕಕ್ಷೆಯಿಂದಾಚೆಗೂ ಬಾಲದಂತೆ ಎಳೆದುಕೊಂಡು ಹೋಗುತ್ತದೆ. ಸೋಜಿಗದ ಸಂಗತಿ ಇನ್ನೊಂದಿದೆ. ಅದರೊಳಗಿನ ಪ್ರೋಟಾನು ಇನ್ನೊಂದು ಕಣಕ್ಕೆ ಒಮ್ಮೆಯೂ ಢಿಕ್ಕಿ ಹೊಡೆಯದೆ ಸೂರ್ಯನಿಂದ ಭೂಮಿಯವರೆಗೂ ಬಂದುಬಿಡಬಹುದು. ಒಂದನ್ನೊಂದು ತಾಕದ ಕಣಗಳು ಒಟ್ಟಾಗಿ ಹರಿಯುವುದು, ಒಟ್ಟಾಗಿ ತಳ್ಳುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದರೆ ಕಾಂತಗೋಳದ, ಅಂದರೆ ಗ್ರಹದ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶದ, ಮುಕ್ಕಾಲು ಪಾಲು ಅರ್ಥವಾದಂತೆಯೇ.

ಕಾಂತಗೋಳವನ್ನು ರಕ್ಷಾಕವಚ ಎಂದು ಕರೆಯುವುದು ರೂಢಿ. ಆ ಹೋಲಿಕೆ ಸ್ವಲ್ಪ ದೂರ ಜೊತೆಗೆ ಬಂದು ನಿಂತುಬಿಡುತ್ತದೆ. ಕವಚದ ಕೆಲಸ ತಡೆಯುವುದಷ್ಟೇ. ಕಾಂತಗೋಳವಾದರೋ ಸೌರಮಾರುತದಿಂದ ಶಕ್ತಿಯನ್ನು ಒಳಗೆಳೆದುಕೊಳ್ಳುತ್ತದೆ, ಕೂಡಿಡುತ್ತದೆ, ಆಮೇಲೆ ಒಮ್ಮೆಲೇ ಬಿಟ್ಟುಬಿಡುತ್ತದೆ. ಅದನ್ನು ಯಂತ್ರವೆಂದುಕೊಂಡರೆ ಬುಧನಿಂದ ಯುರೇನಸ್‌ವರೆಗೆ ಯಾವ ಗ್ರಹಕ್ಕಾದರೂ ಅದೇ ಪ್ರಶ್ನೆಗಳನ್ನು ಹಾಕಬಹುದು: ಇದನ್ನು ನಡೆಸುವ ಶಕ್ತಿ ಯಾವುದು, ಇದರೊಳಗಿನ ಪ್ಲಾಸ್ಮಾ ಎಲ್ಲಿಂದ ಬಂತು, ಹೊರಹೋಗುವ ದಾರಿ ಎಲ್ಲಿದೆ.

ತಾಕದೆಯೇ ಕಟ್ಟಿಹಾಕುವುದು

ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಹೋಗಿ ಧನ ಅಯಾನುಗಳೂ ಋಣ ಎಲೆಕ್ಟ್ರಾನುಗಳೂ ಬೇರೆಬೇರೆಯಾಗಿ ಓಡಾಡುವ ಅನಿಲವೇ ಪ್ಲಾಸ್ಮಾ. ಆದರೆ ಅಯಾನುಗಳಿದ್ದ ಮಾತ್ರಕ್ಕೆ ಅದು ಪ್ಲಾಸ್ಮಾ ಆಗುವುದಿಲ್ಲ. ಎಲ್ಲಾದರೂ ಒಂದು ಕಡೆ ಧನಾವೇಶ ಹೆಚ್ಚಾದರೆ ಎಲೆಕ್ಟ್ರಾನುಗಳು ಕೂಡಲೇ ಅತ್ತ ಸರಿದು ಅದನ್ನು ಮುಚ್ಚಿಹಾಕಬೇಕು. ಈ ಮುಚ್ಚಿಹಾಕುವಿಕೆ ನಡೆಯುವ ಅಳತೆಗೆ ಡಿಬೈ ಉದ್ದ ಎಂದು ಹೆಸರು. ಸೌರಮಾರುತದಲ್ಲಿ ಅದು ಸುಮಾರು 10 ಮೀಟರ್. ಅದಕ್ಕಿಂತ ದೊಡ್ಡ ಅಳತೆಯಲ್ಲಿ ನೋಡಿದಾಗ ಪ್ಲಾಸ್ಮಾ ವಿದ್ಯುತ್ತಿನ ದೃಷ್ಟಿಯಿಂದ ತಟಸ್ಥ. ನಮ್ಮ ವಿಷಯವೆಲ್ಲ ಸಾವಿರಾರು ಕಿಲೋಮೀಟರುಗಳದ್ದಾದ್ದರಿಂದ ಈ ಷರತ್ತು ಸಲೀಸಾಗಿ ಪೂರೈಸುತ್ತದೆ.

ಇನ್ನು ಕಾಂತಕ್ಷೇತ್ರ. ವಿದ್ಯುದಾವೇಶವುಳ್ಳ ಕಣ ಬಲರೇಖೆಯ ಉದ್ದಕ್ಕೆ ತಡೆಯಿಲ್ಲದೆ ಓಡುತ್ತದೆ, ಅಡ್ಡಡ್ಡ ಹೋಗಲಾರದು. ರೇಖೆಯ ಸುತ್ತ ಸುತ್ತುತ್ತಾ ಉಳಿಯುತ್ತದೆ. ಸೌರಮಾರುತದ ಕಾಂತಕ್ಷೇತ್ರ ಸುಮಾರು 5 ನ್ಯಾನೋಟೆಸ್ಲಾ. ಭೂಮಿಯ ಮೇಲ್ಮೈಯದಕ್ಕೆ ಹೋಲಿಸಿದರೆ ಅದರ ಆರು ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಆದರೂ 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನು ಅದರಲ್ಲಿ ಸುಮಾರು 90 ಕಿ.ಮೀ. ತ್ರಿಜ್ಯದ ಸುತ್ತು ಹಾಕುತ್ತದೆ. ಲಕ್ಷಕ್ಕೂ ಹೆಚ್ಚು ಕಿ.ಮೀ. ಅಗಲದ ಭೂಕಾಂತಗೋಳವೆಂಬ ಅಡ್ಡಿಯ ಎದುರು 90 ಕಿ.ಮೀ. ಎಂದರೆ ಚುಕ್ಕೆಯಷ್ಟೇ. ಹೀಗೆ ಢಿಕ್ಕಿಗಳು ಮಾಡಬೇಕಾದ ಕೆಲಸವನ್ನು ಕಾಂತಕ್ಷೇತ್ರ ಮಾಡುತ್ತದೆ: ಕಣಗಳು ಬಲರೇಖೆಗೆ ಅಂಟಿಕೊಂಡಿರುವುದರಿಂದ ರೇಖೆ ಸರಿದರೆ ಕಣಗಳು ಸರಿಯಬೇಕು, ಕಣಗಳ ರಾಶಿ ಹರಿದರೆ ರೇಖೆಯೂ ಜೊತೆಗೆ ಹರಿಯಬೇಕು. ಕ್ಷೇತ್ರ ಪ್ಲಾಸ್ಮಾದಲ್ಲಿ ಹೆಪ್ಪುಗಟ್ಟಿದಂತಿರುತ್ತದೆ ಎಂಬ ಈ ನಿಯಮವನ್ನು ಭೌತವಿಜ್ಞಾನಿ ಹ್ಯಾನೆಸ್ ಆಲ್ವೇನ್ 1940ರ ದಶಕದ ಆರಂಭದಲ್ಲಿ ರೂಪಿಸಿದರು. 1970ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದೇ ಬಗೆಯ ಕೆಲಸಕ್ಕೆ. ಈ ನಿಯಮ ಎಲ್ಲಿ ಮುರಿಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಅದಕ್ಕೆ ಮುಂದೆ ಬರೋಣ.

ಗಡಿ ಎಲ್ಲಿ ಬೀಳುತ್ತದೆ

ಎರಡು ಪ್ಲಾಸ್ಮಾಗಳು, ಎರಡಕ್ಕೂ ತಮ್ಮ ತಮ್ಮ ಬಲರೇಖೆಗಳು. ಒಂದರೊಳಗೊಂದು ಬೆರೆಯಲಾರವು, ಆದ್ದರಿಂದ ನಡುವೆ ಗಡಿಯೊಂದು ಏಳುತ್ತದೆ. ಅದೇ ಮ್ಯಾಗ್ನೆಟೋಪಾಸ್. ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಕಂಡುಕೊಳ್ಳಬಹುದು, ಮಾಡಿಯೇ ನೋಡುವುದು ಒಳ್ಳೆಯದು.

ಸೌರಮಾರುತದ ಒತ್ತಡ ಎಂದರೆ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದಾಗ ಸಿಗುವ ಗುಣಲಬ್ಧ. ಘನ ಸೆಂಟಿಮೀಟರಿಗೆ 5 ಪ್ರೋಟಾನು, ಸೆಕೆಂಡಿಗೆ 400 ಕಿ.ಮೀ. ವೇಗ ಎಂದಿಟ್ಟುಕೊಂಡರೆ ಸುಮಾರು 1.3 ನ್ಯಾನೋಪ್ಯಾಸ್ಕಲ್ ಬರುತ್ತದೆ. ಸಮುದ್ರಮಟ್ಟದ ಗಾಳಿಯ ಒತ್ತಡ ಇದರ 75 ಲಕ್ಷ ಕೋಟಿ ಪಟ್ಟು! ಈ 1.3 ನ್ಯಾನೋಪ್ಯಾಸ್ಕಲ್ಲಿಗೆ ಸಮನಾದ ಎದುರೊತ್ತಡ ಕೊಡಲು ಬೇಕಾದ ಕಾಂತಕ್ಷೇತ್ರ 58 ನ್ಯಾನೋಟೆಸ್ಲಾ. ಭೂಮಿಯ ಕ್ಷೇತ್ರ ಸಮಭಾಜಕದ ಮೇಲ್ಮೈಯಲ್ಲಿ ಸುಮಾರು 31,000 ನ್ಯಾನೋಟೆಸ್ಲಾ. ದೂರ ಹೆಚ್ಚಿದಂತೆ ಅದು ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಗಡಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಒಳಗಡೆಯ ಕ್ಷೇತ್ರವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುವುದರಿಂದ 62,000ವನ್ನು 58ರಿಂದ ಭಾಗಿಸಿ ಘನಮೂಲ ತೆಗೆಯಬೇಕು. ಉತ್ತರ 10.2. ಅಂದರೆ ಗಡಿ ಭೂಮಿಯ ಕೇಂದ್ರದಿಂದ ಹತ್ತು ಭೂತ್ರಿಜ್ಯಗಳ ದೂರದಲ್ಲಿ, ಸುಮಾರು 65,000 ಕಿ.ಮೀ.ಯಲ್ಲಿ. ಉಪಗ್ರಹಗಳು ಅಳೆದದ್ದೂ ಸರಾಸರಿ ಅಷ್ಟೇ.

ಒತ್ತಡ ಕ್ಷೇತ್ರದ ವರ್ಗವನ್ನು ಅವಲಂಬಿಸಿದೆ, ಕ್ಷೇತ್ರ ದೂರದ ಘನವನ್ನು. ಆದ್ದರಿಂದ ದೂರ ಒತ್ತಡದ ಆರನೆಯ ಮೂಲಕ್ಕೆ ತಕ್ಕಂತೆ ಮಾತ್ರ ಬದಲಾಗುತ್ತದೆ. ಮಾರುತದ ಒತ್ತಡ ಎಂಟು ಪಟ್ಟಾದರೆ ಗಡಿ 10.2ರಿಂದ 7.2ಕ್ಕೆ ಇಳಿದೀತು, ಅಷ್ಟೇ. ಭೂಮಿಯ ಕಾಂತಗೋಳ ಬಲು ಗಟ್ಟಿ ಎನಿಸುವುದು ಇದರಿಂದಲೇ. ಆದರೆ ಭೂಸ್ಥಿರ ಉಪಗ್ರಹಗಳಿರುವುದು 6.6 ಭೂತ್ರಿಜ್ಯದಲ್ಲಿ. ಒತ್ತಡ ಹದಿನಾಲ್ಕು ಪಟ್ಟಿನಷ್ಟು ಏರಿದರೆ ಗಡಿ ಅವುಗಳನ್ನೂ ದಾಟಿ ಒಳಬರುತ್ತದೆ. ಹಗಲಿನ ಕಡೆಯ ಉಪಗ್ರಹಗಳು ಕೆಲಹೊತ್ತು ನೇರವಾಗಿ ಮಾರುತದ ಪ್ಲಾಸ್ಮಾದಲ್ಲಿ ನಿಲ್ಲುತ್ತವೆ. ಪ್ರಬಲ ಸೌರಸ್ಫೋಟಗಳ ಕಾಲದಲ್ಲಿ ಹೀಗಾಗಿದೆ. ಭೂಮಿಯ ಕ್ಷೇತ್ರವನ್ನೇ ದಿಕ್ಸೂಚಿಯಾಗಿ ನಂಬಿಕೊಂಡ ಉಪಗ್ರಹಕ್ಕೆ ಆಗ ದಿಕ್ಕು ತಪ್ಪುವ ಅಪಾಯವಿದೆ.

ಈ ಗಡಿಗಿಂತ ಮುಂದೆ ಬಿಲ್ಲಿನಾಕಾರದ ಆಘಾತ ತರಂಗವೊಂದು ನಿಂತಿರುತ್ತದೆ. ಪ್ಲಾಸ್ಮಾದಲ್ಲಿ ಸುದ್ದಿ ಸಾಗಿಸುವ ಅಲೆಗಳ ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್, ಮಾರುತದ್ದು 400. ಮುಂದೆ ಅಡ್ಡಿಯಿದೆ ಎಂಬ ಸುದ್ದಿ ಎದುರು ಈಜಿ ಬರಲಾರದು, ಆದ್ದರಿಂದ ಹರಿವು ಒಮ್ಮೆಲೇ ಮುಗ್ಗರಿಸಿ ಬಿಸಿಯಾಗಿ ಪಕ್ಕಕ್ಕೆ ಸರಿಯುತ್ತದೆ.

ಬಲರೇಖೆ ತುಂಡಾಗಿ ಕೂಡಿಕೊಳ್ಳುವಾಗ

ಹೆಪ್ಪುಗಟ್ಟಿದ ಕ್ಷೇತ್ರದ ನಿಯಮ ಪೂರ್ತಿ ನಿಜವಾಗಿದ್ದರೆ ಮಾರುತದ ಶಕ್ತಿ ಒಳಗೆ ಬರುವ ಹಾದಿಯೇ ಇರುತ್ತಿರಲಿಲ್ಲ. 1961ರಲ್ಲಿ ಭೌತವಿಜ್ಞಾನಿ ಜೇಮ್ಸ್ ಡಂಜಿ ತೋರಿಸಿಕೊಟ್ಟ ಹಾದಿ ಇದು: ಭೂಮಿಯ ಹಗಲಿನ ಕಡೆಯ ಬಲರೇಖೆಗಳು ಉತ್ತರಕ್ಕೆ ಮುಖಮಾಡಿವೆ. ಮಾರುತದ ಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಗಡಿಯಲ್ಲಿ ವಿರುದ್ಧ ದಿಕ್ಕಿನ ಎರಡು ಕ್ಷೇತ್ರಗಳು ಒತ್ತಿಕೊಂಡು ನಿಲ್ಲುತ್ತವೆ. ಅವುಗಳ ನಡುವಿನ ಪ್ರವಾಹದ ಹಾಳೆ ಎಲೆಕ್ಟ್ರಾನುಗಳ ಅಳತೆಗೆ, ಅಂದರೆ ಕೆಲವೇ ಕಿಲೋಮೀಟರಿಗೆ ತೆಳುವಾದಾಗ ಕಣಗಳು ರೇಖೆಯ ಹಿಡಿತದಿಂದ ಕಳಚಿಕೊಳ್ಳುತ್ತವೆ. ಮಾರುತದ ರೇಖೆಯೂ ಭೂಮಿಯ ರೇಖೆಯೂ ಅಲ್ಲಿ ತುಂಡಾಗಿ ಪರಸ್ಪರ ಜೋಡಿಕೊಳ್ಳುತ್ತವೆ. ಇದೇ ಕಾಂತೀಯ ಮರುಜೋಡಣೆ.

ಜೋಡಿಕೊಂಡ ರೇಖೆಯ ಒಂದು ತುದಿ ಭೂಮಿಯಲ್ಲಿ, ಇನ್ನೊಂದು ಓಡುತ್ತಿರುವ ಮಾರುತದಲ್ಲಿ. ಮಾರುತ ಅದನ್ನು ಧ್ರುವಗಳ ಮೇಲಿಂದ ಎಳೆದು ಇರುಳಿನ ಬಾಲದಲ್ಲಿ ಪೇರಿಸುತ್ತದೆ. ಒಂದು ಗಂಟೆಯ ಆಸುಪಾಸು ಹೀಗೆ ಶಕ್ತಿ ಕೂಡಿಬರುತ್ತದೆ. ಬಾಲ ತೆಳುವಾಗುತ್ತಾ ಹೋಗಿ ಕೊನೆಗೆ ಅಲ್ಲಿಯೂ ಮರುಜೋಡಣೆ ಶುರುವಾದಾಗ, ಎಳೆದು ಬಿಟ್ಟ ರಬ್ಬರಿನಂತೆ ಒಂದು ತುಣುಕು ಭೂಮಿಯ ಕಡೆಗೆ, ಇನ್ನೊಂದು ಬಾಹ್ಯಾಕಾಶದ ಕಡೆಗೆ ಚಿಮ್ಮುತ್ತದೆ. ಕೆಲವು ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಆಗ ಧ್ರುವ ಪ್ರದೇಶದ ವಾಯುಮಂಡಲಕ್ಕೆ ಸುರಿದು, 100 ಕಿ.ಮೀ.ಗಿಂತ ಮೇಲೆ ಆಮ್ಲಜನಕದ ಪರಮಾಣುಗಳಿಂದ 557.7 ನ್ಯಾನೋಮೀಟರಿನ ಹಸಿರು ಬೆಳಕು ಹೊಮ್ಮಿಸುತ್ತವೆ. ಧ್ರುವಪ್ರಭೆಯ ಕಣಗಳು ಸೂರ್ಯನಿಂದ ನೇರವಾಗಿ ಧ್ರುವಕ್ಕೆ ಬಂದು ಬೀಳುತ್ತವೆ ಎಂಬ ವಿವರಣೆ ಬಹಳ ಕಡೆ ಕಾಣಸಿಗುತ್ತದೆ, ಅದು ತಪ್ಪು. ಅವು ಬರುವುದು ಬಾಲದ ದಾಸ್ತಾನಿನಿಂದ, ದಾರಿಯಲ್ಲಿ ವೇಗ ಹೆಚ್ಚಿಸಿಕೊಂಡು.

ಇದರಿಂದ ಬಾಹ್ಯಾಕಾಶ ಹವಾಮಾನದ ಮುನ್ಸೂಚನೆ ಕೊಡುವವರ ಪಾಡು ಅರ್ಥವಾಗುತ್ತದೆ. ಸೂರ್ಯನಿಂದ ದೊಡ್ಡ ಪ್ಲಾಸ್ಮಾ ಮೋಡ ಹೊರಟಿತೆಂದು ಚಿತ್ರಗಳಲ್ಲಿ ಒಂದೆರಡು ದಿನ ಮೊದಲೇ ಕಾಣಬಹುದು, ವೇಗವನ್ನೂ ಅಂದಾಜಿಸಬಹುದು. ಆದರೆ ಅದರೊಳಗಿನ ಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದು ಚಿತ್ರದಲ್ಲಿ ಕಾಣದು. ಅದು ತಿಳಿಯುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಲ್ಲಿರುವ ನೌಕೆಗಳನ್ನು ಮೋಡ ದಾಟಿದಾಗಲೇ. ಸೆಕೆಂಡಿಗೆ 400 ಕಿ.ಮೀ. ವೇಗಕ್ಕೆ ಅಲ್ಲಿಂದ ಇಲ್ಲಿಗೆ 62 ನಿಮಿಷ. 800 ಆದರೆ 31. ಭೂಕಾಂತಕ್ಷೇತ್ರವನ್ನು ಅಲುಗಿಸುವ ದೊಡ್ಡ ಕಾಂತೀಯ ಬಿರುಗಾಳಿ ಎಬ್ಬಿಸುವ ಮೋಡಗಳು ಹೆಚ್ಚಾಗಿ ವೇಗದವೇ ಆದ್ದರಿಂದ ಕೈಗೆ ಸಿಗುವುದು ಅರ್ಧ ಗಂಟೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಆದದ್ದು ನೋಡಿ: ಭೂಕಾಂತಕ್ಷೇತ್ರ ರಭಸದಿಂದ ಬದಲಾಗಿ ನೆಲದಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟಿತು, ನೆಲಕ್ಕೆ ಜೋಡಿಸಿದ ಟ್ರಾನ್ಸ್‌ಫಾರ್ಮರುಗಳ ಮೂಲಕ ಹೆಚ್ಚುಕಡಿಮೆ ಏಕಮುಖ ಪ್ರವಾಹ ಹರಿದು ಅವುಗಳ ಕಬ್ಬಿಣದ ತಿರುಳು ಕಾಂತೀಯವಾಗಿ ತುಂಬಿಹೋಯಿತು, ತರಂಗದ ಆಕಾರ ಕೆಟ್ಟಿತು, ವೋಲ್ಟೇಜು ಕಾಯುವ ಉಪಕರಣಗಳು ಒಂದಾದ ಮೇಲೊಂದು ಕಳಚಿಕೊಂಡವು. ಎರಡು ನಿಮಿಷದೊಳಗೆ ಇಡೀ ಜಾಲ ಕುಸಿದು ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆಯವರೆಗೆ ವಿದ್ಯುತ್ ಇರಲಿಲ್ಲ.

ಸಿಕ್ಕಿಬಿದ್ದ ಕಣಗಳು

1958ರಲ್ಲಿ ಎಕ್ಸ್‌ಪ್ಲೋರರ್ 1 ಉಪಗ್ರಹದ ಗೈಗರ್ ಎಣಿಕೆಯಂತ್ರ ಎತ್ತರದ ಕೆಲವು ಜಾಗಗಳಲ್ಲಿ ಸೊನ್ನೆ ತೋರಿಸಿತು. ಜೇಮ್ಸ್ ವ್ಯಾನ್ ಅಲೆನ್ ತಂಡ ಕಂಡುಕೊಂಡ ಕಾರಣ ಸೊಗಸಾಗಿದೆ: ಒಂದು ಕಣ ಎಣಿಸಿದ ಮೇಲೆ ಮುಂದಿನದಕ್ಕೆ ಸಿದ್ಧವಾಗಲು ಆ ಯಂತ್ರಕ್ಕೆ ಒಂದಿಷ್ಟು ಬಿಡುವು ಬೇಕು, ಕಣಗಳು ಬಿಡುವೇ ಕೊಡದಂತೆ ಮುಗಿಬಿದ್ದರೆ ಅದು ಏನನ್ನೂ ಎಣಿಸದೆ ಮೂಕವಾಗುತ್ತದೆ. ವಿಕಿರಣ ಪಟ್ಟಿಗಳು ಪತ್ತೆಯಾದದ್ದು ಹೀಗೆ.

ಪಟ್ಟಿಯೊಳಗಿನ ಕಣಕ್ಕೆ ಏಕಕಾಲದಲ್ಲಿ ಮೂರು ಚಲನೆ. ನಾಲ್ಕು ಭೂತ್ರಿಜ್ಯ ದೂರದ 10 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನು ಬಲರೇಖೆಯ ಸುತ್ತ ಸೆಕೆಂಡಿಗೆ ಸಾವಿರಾರು ಬಾರಿ ಸುತ್ತುತ್ತದೆ. ಧ್ರುವದ ಕಡೆ ಕ್ಷೇತ್ರ ಬಲವಾಗುವುದರಿಂದ ಅಲ್ಲಿಂದ ಪುಟಿದು, ಸೆಕೆಂಡಿನೊಳಗೆ ಉತ್ತರ ದಕ್ಷಿಣ ಓಡಾಡುತ್ತದೆ. ಕ್ಷೇತ್ರ ಭೂಮಿಯ ಕಡೆ ಹೆಚ್ಚು, ಹೊರಗೆ ಕಡಿಮೆಯಾದ್ದರಿಂದ ಪ್ರತಿ ಸುತ್ತೂ ತುಸು ಪಕ್ಕಕ್ಕೆ ಜರುಗಿ ಸುಮಾರು ಕಾಲು ಗಂಟೆಗೊಮ್ಮೆ ಭೂಮಿಯನ್ನೇ ಬಳಸಿ ಬರುತ್ತದೆ. ಎಲೆಕ್ಟ್ರಾನು ಪೂರ್ವಕ್ಕೆ, ಪ್ರೋಟಾನು ಪಶ್ಚಿಮಕ್ಕೆ ಜರುಗುವುದರಿಂದ ಒಟ್ಟಾರೆ ಭೂಮಿಯ ಸುತ್ತ ಪಶ್ಚಿಮಾಭಿಮುಖ ಪ್ರವಾಹದ ಬಳೆಯೊಂದು ಹರಿಯುತ್ತದೆ. ಬಿರುಗಾಳಿಯ ಸಮಯದಲ್ಲಿ, ಇಷ್ಟು ಶಕ್ತಿಯಿಲ್ಲದ ಆದರೆ ಸಂಖ್ಯೆಯಲ್ಲಿ ಬಹಳವಿರುವ ಅಯಾನುಗಳಿಂದ ಈ ಬಳೆ ಬಲಗೊಂಡಾಗ ನೆಲದ ಮೇಲೆ ಕ್ಷೇತ್ರ ನೂರಾರು ನ್ಯಾನೋಟೆಸ್ಲಾ ಕುಗ್ಗುತ್ತದೆ. ಬಿರುಗಾಳಿಯ ತೀವ್ರತೆಯನ್ನು ಅಳೆಯುವ ಡಿಎಸ್‌ಟಿ ಸೂಚ್ಯಂಕ ಈ ಕುಗ್ಗುವಿಕೆಯೇ. 1989ರಲ್ಲಿ ಅದು ಋಣ 589ಕ್ಕೆ ಇಳಿದಿತ್ತು.

ಇಂಥ ಎಲೆಕ್ಟ್ರಾನುಗಳು ಉಪಗ್ರಹದ ಹೊರತಗಡನ್ನು ತೂರಿ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ, ಸರ್ಕ್ಯೂಟ್ ಹಲಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ನಿರೋಧಕದಿಂದ ಆವೇಶ ಬೇಗ ಸೋರಿಹೋಗದು. ದಿನಗಟ್ಟಲೆ ಕೂಡಿಕೊಂಡು ಒಂದು ದಿನ ಒಳಗೇ ಸಣ್ಣ ಮಿಂಚು ಹೊಡೆಯುತ್ತದೆ. ಉಪಗ್ರಹದ ಕಂಪ್ಯೂಟರು ಅದನ್ನು ಆಜ್ಞೆಯೆಂದು ತಪ್ಪು ತಿಳಿಯಬಹುದು. ಬಿರುಗಾಳಿ ತಗ್ಗಿ ಕೆಲವು ದಿನಗಳ ಮೇಲೆ ಉಪಗ್ರಹ ಕೆಡುವುದುಂಟಲ್ಲ, ಅದಕ್ಕೆ ಇದು ಒಂದು ಕಾರಣ.

ಗುರು: ತನ್ನ ಬಲದಿಂದಲೇ ತಿರುಗುವ ಯಂತ್ರ

ಅದೇ ಲೆಕ್ಕವನ್ನು ಗುರುವಿಗೆ ಹಾಕಿ ನೋಡೋಣ. ಸೂರ್ಯನಿಂದ 5.2 ಪಟ್ಟು ದೂರವಾದ್ದರಿಂದ ಮಾರುತದ ಒತ್ತಡ 27ರಲ್ಲಿ ಒಂದು ಪಾಲು. ಸಮಭಾಜಕದ ಕ್ಷೇತ್ರ ಸುಮಾರು 4,20,000 ನ್ಯಾನೋಟೆಸ್ಲಾ. ಲೆಕ್ಕದ ಪ್ರಕಾರ ಗಡಿ 42 ಗುರುತ್ರಿಜ್ಯದಲ್ಲಿ ಇರಬೇಕು. ನೌಕೆಗಳು ಕಂಡದ್ದು ಒಮ್ಮೆ 63ರ ಸುತ್ತ, ಇನ್ನೊಮ್ಮೆ 92ರ ಸುತ್ತ. ಲೆಕ್ಕ ಇಷ್ಟು ತಪ್ಪಿದೆಯೆಂದರೆ ಯಾವುದೋ ಒಂದು ಅಂಶ ಬಿಟ್ಟುಹೋಗಿದೆ ಎಂದೇ ಅರ್ಥ. ಒಳಗಿನಿಂದ ಉಬ್ಬಿಸುತ್ತಿರುವುದು ಪ್ಲಾಸ್ಮಾ, ಅದರ ಮೂಲ ಅಯೋ ಎಂಬ ಚಂದ್ರ.

ಅಯೋದ ಜ್ವಾಲಾಮುಖಿಗಳು ಪೋಷಿಸುವ ಗಂಧಕದ ಡೈಆಕ್ಸೈಡಿನ ತೆಳು ವಾಯುಮಂಡಲದಿಂದ ಸೆಕೆಂಡಿಗೆ ಸುಮಾರು ಒಂದು ಟನ್ ವಸ್ತು ಕಳಚಿಹೋಗುತ್ತದೆ. ಗುರು 9 ಗಂಟೆ 55 ನಿಮಿಷಕ್ಕೆ ಒಮ್ಮೆ ತಿರುಗುವುದರಿಂದ ಅದರ ಕ್ಷೇತ್ರ, ಕ್ಷೇತ್ರಕ್ಕೆ ಅಂಟಿದ ಪ್ಲಾಸ್ಮಾ ಅಯೋದ ಕಕ್ಷೆಯಲ್ಲಿ ಸೆಕೆಂಡಿಗೆ 74 ಕಿ.ಮೀ. ವೇಗದಲ್ಲಿ ಸುತ್ತುತ್ತವೆ. ಅಯೋ ಸುತ್ತುವುದು 17 ಕಿ.ಮೀ. ವೇಗದಲ್ಲಿ. ತಟಸ್ಥ ಪರಮಾಣು ಅಯಾನಾದ ಗಳಿಗೆಯಲ್ಲೇ 57 ಕಿ.ಮೀ. ವೇಗದಲ್ಲಿ ಧಾವಿಸುವ ಕ್ಷೇತ್ರ ಅದನ್ನು ಹಿಡಿದುಕೊಳ್ಳುತ್ತದೆ. ಗಂಧಕದ ಅಯಾನಿಗೆ ಆ ಒಂದು ಜಗ್ಗಿನಿಂದಲೇ 540 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರುತ್ತದೆ. ಶಕ್ತಿ ಕೊಟ್ಟದ್ದು ಗುರುವಿನ ತಿರುಗುವಿಕೆ, ಸೂರ್ಯನಲ್ಲ. ಭೂಮಿಗೂ ಗುರುವಿಗೂ ಇರುವ ಮೂಲಭೂತ ಅಂತರ ಇದು.

ಹೀಗೆ ತುಂಬಿದ ಪ್ಲಾಸ್ಮಾ ಕೇಂದ್ರಾಪಗಾಮಿಯಾಗಿ ಹೊರಕ್ಕೆ ಜರುಗುತ್ತಾ ಸಮಭಾಜಕದ ಸುತ್ತ ತಟ್ಟೆಯಂತೆ ಹರಡುತ್ತದೆ. ದೂರ ಹೋದಂತೆ ಗುರುವಿನ ಜೊತೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತದೆ. ಅದನ್ನು ಮುಂದಕ್ಕೆ ಜಗ್ಗಲು ಗುರುವಿನ ಮೇಲುವಾಯುಮಂಡಲದಿಂದ ಬಲರೇಖೆಗಳ ಗುಂಟ ಭಾರೀ ವಿದ್ಯುತ್ ಪ್ರವಾಹ ಹರಿಯುತ್ತದೆ, ಆ ಪ್ರವಾಹದ ಬುಡದಲ್ಲಿ ಧ್ರುವಪ್ರಭೆ ಸದಾ ಉರಿಯುತ್ತಿರುತ್ತದೆ. ಬಿರುಗಾಳಿಗಾಗಿ ಅದು ಕಾಯಬೇಕಿಲ್ಲ. ಈ ಕಾಂತಗೋಳ ನಮ್ಮ ಕಣ್ಣಿಗೆ ಕಾಣುವಂತಿದ್ದರೆ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿತ್ತು.

2016ರಲ್ಲಿ ಅಲ್ಲಿಗೆ ತಲುಪಿದ ಜೂನೋ ನೌಕೆಯ ಎಲೆಕ್ಟ್ರಾನಿಕ್ಸ್ ಇರುವುದು ಸುಮಾರು 1 ಸೆಂ.ಮೀ. ದಪ್ಪದ ಟೈಟಾನಿಯಂ ಪೆಟ್ಟಿಗೆಯೊಳಗೆ. ಕ್ಯಾಮರಾ ಮಾತ್ರ ಪೆಟ್ಟಿಗೆಯ ಹೊರಗಿದೆ. ವಿಕಿರಣ ಸಿಲಿಕಾನಿನ ಹರಳಿನಲ್ಲಿ ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸಿ ಚಿತ್ರಗಳನ್ನು ಕೆಡಿಸಿತು. 2023ರ ಕೊನೆಯಲ್ಲಿ, ಅಯೋದ ಹತ್ತಿರ ಹಾಯುವ ಮುನ್ನ, ಕ್ಯಾಮರಾದ ಹೀಟರನ್ನು ಪೂರ್ತಿ ಹೆಚ್ಚಿಸಿ ಹರಳಿನ ದೋಷ ಕಡಿಮೆ ಮಾಡಿದರು. ಚಿತ್ರಗಳು ಮತ್ತೆ ಸ್ಪಷ್ಟವಾಗಿ ಬಂದವು.

ಉಳಿದವು

ಬುಧನ ಕ್ಷೇತ್ರ ಭೂಮಿಯದರ ನೂರರಲ್ಲೊಂದು ಪಾಲಿನಷ್ಟು, ಮಾರುತ ಮಾತ್ರ ಪ್ರಬಲ. ಗಡಿ ಬರೀ 1.45 ಬುಧತ್ರಿಜ್ಯದಲ್ಲಿ ನಿಂತಿದೆ. ಭೂಮಿಯಲ್ಲಿ ಗಂಟೆ ಹಿಡಿಯುವ ಕೂಡಿಡು, ಬಿಟ್ಟುಬಿಡು ಚಕ್ರ ಅಲ್ಲಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ; ಶಾಶ್ವತ ವಿಕಿರಣ ಪಟ್ಟಿಗೆ ಜಾಗವೇ ಇಲ್ಲ.

ಶುಕ್ರನಿಗೆ ಸ್ವಂತ ಕ್ಷೇತ್ರವಿಲ್ಲ. ಅದರ ಅಯಾನುಮಂಡಲದಲ್ಲಿ ಮಾರುತವೇ ಪ್ರೇರಿಸುವ ಪ್ರವಾಹಗಳು ಮಾರುತವನ್ನು ತಡೆಯುತ್ತವೆ. ಕವಚವಿಲ್ಲದ ಈ ಗ್ರಹದಲ್ಲಿ ನೆಲದ ಮೇಲಿನ ವಾಯುಒತ್ತಡ ಭೂಮಿಯದರ 90 ಪಟ್ಟಿಗೂ ಹೆಚ್ಚು! ಕಾಂತಕ್ಷೇತ್ರ ಹೋದರೆ ವಾಯುಮಂಡಲ ಹೋದಂತೆಯೇ ಎಂಬ ಸರಳ ಸೂತ್ರ ಇಲ್ಲಿ ನಿಲ್ಲದು. ಮಂಗಳ ಸುಮಾರು 400 ಕೋಟಿ ವರ್ಷಗಳ ಹಿಂದೆ ಒಡಲಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ತನ್ನ ಡೈನಮೋ ಕಳೆದುಕೊಂಡಿತು. ದಕ್ಷಿಣಾರ್ಧದ ಹಳೆಯ ಬಂಡೆಗಳಲ್ಲಿ ಅದರ ಗುರುತು ಉಳಿದಿದೆ. ಸೌರಮಾರುತ ಅಲ್ಲಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲವನ್ನು ಸುಲಿಯುತ್ತಿದೆ ಎಂದು ನಾಸಾದ ಮೇವನ್ ನೌಕೆ ಅಳೆಯಿತು, ಬಿರುಗಾಳಿಯಲ್ಲಿ ಅದು ಇನ್ನೂ ಹೆಚ್ಚು. ಆದರೆ ಭೂಮಿಯೂ ತೆರೆದ ಧ್ರುವರೇಖೆಗಳ ಮೂಲಕ ಆಮ್ಲಜನಕದ ಅಯಾನುಗಳನ್ನು ಸತತವಾಗಿ ಕಳೆದುಕೊಳ್ಳುತ್ತಿದೆ. ಕ್ಷೇತ್ರ ಕೆಲವು ದಾರಿ ಮುಚ್ಚುತ್ತದೆ, ಕೆಲವನ್ನು ತಾನೇ ತೆರೆಯುತ್ತದೆ.

ಅಳೆಯುವುದರ ಕಷ್ಟ

ಮೇಲಿನ ಕಾಂತಕ್ಷೇತ್ರದ ಅಂಕಿಗಳು ಬಂದದ್ದು ಬಹುಪಾಲು ಫ್ಲಕ್ಸ್‌ಗೇಟ್ ಎಂಬ ಕಾಂತಮಾಪಕಗಳಿಂದ. ಅಳೆಯಬೇಕಾದದ್ದು 5 ನ್ಯಾನೋಟೆಸ್ಲಾ; ನೌಕೆಯ ಸ್ವಂತ ಮೋಟಾರು, ಬ್ಯಾಟರಿ ತಂತಿ, ಸೌರಫಲಕದ ಪ್ರವಾಹ ಹುಟ್ಟಿಸುವ ಕ್ಷೇತ್ರ ಹತ್ತಿರದಲ್ಲಿ ಅದರ ಎಷ್ಟೋ ಪಟ್ಟು. ಆದ್ದರಿಂದ ಮಾಪಕವನ್ನು ಉದ್ದನೆಯ ತೋಳಿನ ತುದಿಯಲ್ಲಿಡುತ್ತಾರೆ, ಇನ್ನೊಂದನ್ನು ತೋಳಿನ ನಡುವೆ. ಭಾರತದ ಆದಿತ್ಯ-ಎಲ್1 ನೌಕೆಯಲ್ಲಿ 6 ಮೀಟರಿನಲ್ಲಿ ಒಂದು, 3 ಮೀಟರಿನಲ್ಲಿ ಒಂದು. ನೌಕೆಯ ಕ್ಷೇತ್ರ ದೂರದ ಘನಕ್ಕೆ ವಿಲೋಮವೆಂದುಕೊಂಡರೆ ನಡುವಿನ ಮಾಪಕಕ್ಕೆ ತುದಿಯದರ ಎಂಟು ಪಟ್ಟು ಕೊಳೆ ತಗಲುತ್ತದೆ; ಬಾಹ್ಯಾಕಾಶದ ಕ್ಷೇತ್ರ ಎರಡಕ್ಕೂ ಒಂದೇ. ಎರಡರ ವ್ಯತ್ಯಾಸವನ್ನು 7ರಿಂದ ಭಾಗಿಸಿದರೆ ತುದಿಗೆ ತಗಲಿದ ಕೊಳೆ ಸಿಗುತ್ತದೆ, ಅದನ್ನು ಕಳೆದರಾಯಿತು. ನೌಕೆಯಲ್ಲಿ ಕಾಂತಮೂಲಗಳು ಹಲವಾಗಿದ್ದು ಒಂದೊಂದು ಒಂದೊಂದು ಮೂಲೆಯಲ್ಲಿದ್ದರೆ ಎಂಟು ಪಟ್ಟಿನ ಲೆಕ್ಕ ಕೆಡುತ್ತದೆ. ಹಾಗಾಗಿ ತಂತಿಗಳನ್ನು ಜೋಡಿಯಾಗಿ ಹೊಸೆಯುವುದು, ಸೌರಫಲಕದಲ್ಲಿ ಪ್ರವಾಹ ಎದುರುಬದುರಾಗಿ ಹರಿಯುವಂತೆ ತಂತಿ ಎಳೆಯುವುದು ನೆಲದ ಮೇಲೆಯೇ ಆಗಬೇಕು. ಮಾಪಕದ ಸೊನ್ನೆ ತಾಪಮಾನದೊಂದಿಗೆ ಜಾರುವುದುಂಟು. ನೌಕೆಯನ್ನು ಉರುಳಿಸಿ ನೋಡುತ್ತಾರೆ. ನಿಜವಾದ ಕ್ಷೇತ್ರದ ಚಿಹ್ನೆ ತಿರುಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದೇ ನೌಕೆಗೆ ಬಿಡಿಸಲಾಗದ ಒಗಟೊಂದಿದೆ. ಕ್ಷೇತ್ರ ಬದಲಾದಂತೆ ಕಂಡರೆ, ನೌಕೆ ಗಡಿ ದಾಟಿತೋ ಗಡಿಯೇ ನೌಕೆಯನ್ನು ದಾಟಿತೋ? 2015ರಲ್ಲಿ ಹಾರಿದ, ಭೂಮಿಯ ಕಾಂತಗೋಳವನ್ನು ಅಳೆಯುವ ನಾಸಾದ ಎಂಎಂಎಸ್‌ನ ನಾಲ್ಕು ನೌಕೆಗಳು ಕೆಲವೊಮ್ಮೆ ಕೇವಲ 7 ಕಿ.ಮೀ. ಅಂತರದಲ್ಲಿ ಚತುರ್ಮುಖಿಯಾಗಿ ಹಾರುವುದು ಇದಕ್ಕೇ. ದೂರದ ಗ್ರಹಗಳಿಗೆ ಆ ಭಾಗ್ಯ ಇಲ್ಲ. ಯುರೇನಸ್ಸಿಗೆ ಈವರೆಗೆ ಹೋದದ್ದು ವಾಯೇಜರ್ 2 ಒಂದೇ, 1986ರ ಜನವರಿಯಲ್ಲಿ ಒಂದೇ ಬಾರಿ. ಕ್ಷೇತ್ರದ ಅಕ್ಷ ತಿರುಗುವ ಅಕ್ಷಕ್ಕೆ 59 ಡಿಗ್ರಿ ವಾಲಿತ್ತು, ವಿಕಿರಣ ಪಟ್ಟಿ ಪ್ರಬಲವಾಗಿತ್ತು, ಒಳಗೆ ಪ್ಲಾಸ್ಮಾ ಮಾತ್ರ ಬಹುತೇಕ ಇರಲಿಲ್ಲ. ಯುರೇನಸ್ಸಿನ ಚಂದ್ರಗಳು ಏನನ್ನೂ ಉಗುಳದ ಜಡಪಿಂಡಗಳೆಂದು ಅದರಿಂದ ತೀರ್ಮಾನಿಸಿದ್ದರು. 2024ರಲ್ಲಿ ಅದೇ ಹಳೆಯ ದತ್ತಾಂಶವನ್ನು ಮತ್ತೆ ತೆರೆದವರಿಗೆ, ನೌಕೆ ತಲುಪುವ ಕೆಲವು ದಿನಗಳ ಮೊದಲು ಸೌರಮಾರುತದ ಒತ್ತಡ ತೀವ್ರವಾಗಿ ಏರಿ ಕಾಂತಗೋಳ ಅದುಮಿಹೋಗಿದ್ದುದು ಕಂಡಿತು. ಅಂಥ ಸ್ಥಿತಿ ಅಲ್ಲಿ ಇರುವುದು ನೂರರಲ್ಲಿ ಐದು ಪಾಲಿಗಿಂತ ಕಡಿಮೆ ಸಮಯ. ಒಂದು ವಾರ ಮೊದಲು ಹಾದುಹೋಗಿದ್ದರೆ ವಾಯೇಜರ್ ಬೇರೆಯೇ ಕಾಂತಗೋಳವನ್ನು ನೋಡುತ್ತಿತ್ತು.